ನಿದ್ದೆ ಭಟ್ಟಿ ಇಳಿಸುವ ಈಸ್ಟು

ಸೀನನಿಗೆ ಹದಿನೈದು ದಿನದಿಂದ ನಿದ್ದೆ ಇಲ್ಲ. ರಾತ್ರಿ ಒಂಬತ್ತೂವರೆಗೆ ಬೇಕರಿ ಮುಂದೆ ನಿಂತು ಬನ್ನನ್ನು ಟೀಯಲ್ಲಿ ಅದ್ದುತ್ತಾ ಅದನ್ನೇ ಹೇಳ್ತಿದ್ದ. ಅರ್ಧ ಬನ್ನು ಲೋಟದೊಳಗೇ ಮುಳುಗಿತ್ತು, ಅದನ್ನು ಬೆರಳಲ್ಲಿ ಹುಡುಕುತ್ತಿದ್ದ.

"ಆ ಬನ್ನು ಉಬ್ಬಿಸೋ ಈಸ್ಟ್ ಇದೆಯಲ್ಲ, ಅದೇ ಜಾತಿಯದರ ಕೈಲಿ ಡೆನ್ಮಾರ್ಕಿನವರು 2016ರಲ್ಲಿ ಮೆಲಟೋನಿನ್ ಮಾಡಿಸಿದರು, ಮಲಗೋ ಹೊತ್ತಾಯ್ತು ಅಂತ ಮೈಗೆ ಹೇಳೋ ಹಾರ್ಮೋನು" ಅಂದರು ಮೇಷ್ಟ್ರು.

"ಇನ್ನೆರಡು ಬನ್ನು ಹೇಳಲಾ ಹಾಗಾದ್ರೆ?"

"ಇದರಲ್ಲಿ ಸಿಗಲ್ಲಪ್ಪಾ. ಅದಕ್ಕೆ ಬೇರೆ ಜೀವಿಗಳ ಜೀನು ತುರುಕಿದ್ದಾರೆ. ಸಕ್ಕರೆ ಕೊಟ್ಟರೆ ಪ್ರೋಟೀನಿನಲ್ಲಿರೋ ಟ್ರಿಪ್ಟೊಫಾನ್ ಅನ್ನೋ ಅಂಶ ಮಾಡ್ಕೊಂಡು, ಅದನ್ನು ಮನಸ್ಸಿನ ಖುಷಿಗೆ ನಂಟಿರೋ ಸೆರೊಟೋನಿನ್ ಮಾಡಿ, ಅದಕ್ಕೂ ಇನ್ನೆರಡು ಒಗ್ಗರಣೆ ಹಾಕಿ ಮೆಲಟೋನಿನ್ ಭಟ್ಟಿ ಇಳಿಸುತ್ತೆ. 76 ಗಂಟೆಗೆ ಲೀಟರಿಗೆ 14.5 ಮಿಲಿಗ್ರಾಂ."

ನಾನು ಮೊಬೈಲಲ್ಲಿ ಲೆಕ್ಕ ಹಾಕಿದೆ. 3 ಮಿಲಿಗ್ರಾಂ ಮಾತ್ರೆಯಾದರೆ ಐದಕ್ಕೂ ಸಾಲದು.

"ನಮ್ಮ ನಿದ್ದೆಗೋಸ್ಕರ ಅದು ಮೂರು ರಾತ್ರಿ ಎದ್ದಿರಬೇಕು, ಪಾಪ. ನೈಟ್ ಶಿಫ್ಟ್ ಭತ್ಯೆ ಕೊಡ್ತಾರಾ?" ಅಂದ ಸೀನ.

ಮೇಷ್ಟ್ರಿಗೆ ರೇಗಿತು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರನ್ ಲರ್ನರ್ ಮೆಲಟೋನಿನ್ನನ್ನು ಮೊದಲ ಸಲ ಬೇರ್ಪಡಿಸಿದಾಗ ಲಕ್ಷಗಟ್ಟಲೆ ದನಗಳ ಮಿದುಳಿನ ಪೀನಿಯಲ್ ಗ್ರಂಥಿ ಅರೆಯಬೇಕಾಯ್ತು, ಆತ ಚರ್ಮದ ಡಾಕ್ಟರು, ಹುಡುಕ್ತಿದ್ದದ್ದು ಕಪ್ಪೆಯ ಚರ್ಮ ಬಿಳಿಚಿಸೋ ವಸ್ತು ಅಂತ ಒಂದೇ ಉಸಿರಲ್ಲಿ ಹೇಳಿದರು.

"ಕಪ್ಪೆಗೆ ಫೇರ್‌ನೆಸ್ ಕ್ರೀಮು!" ಸೀನನಿಗೆ ಅಷ್ಟು ಸಾಕಾಯ್ತು.

"ಈಗ ಇ. ಕೋಲಿ ಬ್ಯಾಕ್ಟೀರಿಯಾ ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಕೊಡುತ್ತೆ ಕಣೋ."

"ಹೊಟ್ಟೆ ಕೆಡಿಸೋ ಇ. ಕೋಲಿ?"

"ಆ ಕುಲದಲ್ಲಿ ಸಾಧುಗಳೂ ಇದ್ದಾರೆ. ನಿನ್ನ ಹೊಟ್ಟೇಲೂ ಇದ್ದಾರೆ. ಮೈಯ ಸೆರೊಟೋನಿನ್ನಿನಲ್ಲಿ ನೂರಕ್ಕೆ 90 ಪಾಲು ತಯಾರಾಗೋದು ಕರುಳಲ್ಲೇ. 2015ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯವರು ಬ್ಯಾಕ್ಟೀರಿಯಾನೇ ಇಲ್ಲದ ಇಲಿ ನೋಡಿದರು, ಅದರಲ್ಲಿ ಸೆರೊಟೋನಿನ್ ಮಾಮೂಲಿನ ಅರ್ಧದಷ್ಟೂ ಇರಲಿಲ್ಲ."

"ಹಾಗಾದ್ರೆ ಮೊಸರು ತಿಂದ್ಕೊಂಡು ಖುಷಿಯಾಗಿರಬಹುದು."

"ಕರುಳಿಂದು ಮಿದುಳಿಗೆ ಹೋಗಲ್ಲ. ನಡುವೆ ಗೇಟಿದೆ. ವಾಚ್‌ಮನ್ ಸೆರೊಟೋನಿನ್ನನ್ನು ಬಿಡಲ್ಲ, ಕಚ್ಚಾ ಸಾಮಾನು ಟ್ರಿಪ್ಟೊಫಾನ್ ಬಂದರೆ ಬಿಡ್ತಾನೆ."

ಇದು ನನಗೆ ತಕ್ಷಣ ಅರ್ಥವಾಯ್ತು. ನಮ್ಮ ಅಪಾರ್ಟ್‌ಮೆಂಟಲ್ಲೂ ಹಾಗೇ. ಬಿಸಿ ಬಿರಿಯಾನಿ ತಂದ ಹುಡುಗ ಗೇಟಲ್ಲೇ ನಿಲ್ಲಬೇಕು, ಸೊಪ್ಪಿನವನು ಮಾತ್ರ ಮೂರನೇ ಮಹಡಿವರೆಗೂ ಕೂಗ್ಕೊಂಡು ಬರ್ತಾನೆ.

ಸೀನ ಖಾಲಿ ಲೋಟ ಕೌಂಟರಿನ ಮೇಲಿಟ್ಟ. "ಅಣ್ಣಾ, ಇನ್ನೊಂದು ಸ್ಟ್ರಾಂಗ್ ಟೀ."

"ಇದು ಎಷ್ಟನೇದೋ?" ಅಂದರು ಮೇಷ್ಟ್ರು.

"ಬೆಳಿಗ್ಗೆಯಿಂದ ಹೇಳಲಾ, ಸಂಜೆಯಿಂದ ಹೇಳಲಾ?"