ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ.: ಯಾವ ಶಾಖೆಯನ್ನು ಆಯ್ದುಕೊಳ್ಳಲಿ?

ಪ್ರಶ್ನೆ: ಶಾಲಾ ಆಪ್ತಸಮಾಲೋಚಕಿ, ಚಿಂತಾಮಣಿ

ನಾನು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಲಿಕೆಯಲ್ಲಿ ಹಿಂದುಳಿದವರೆಂದು ನನ್ನ ಬಳಿಗೆ ಕಳುಹಿಸುವ ಮಕ್ಕಳಲ್ಲಿ ಹಲವರ ಮನೆಮಾತು ತೆಲುಗು, ಪಾಠ ನಡೆಯುವುದು ಕನ್ನಡದಲ್ಲಿ. ಈ ಮಕ್ಕಳ ಬಗ್ಗೆಯೇ ಸಂಶೋಧನೆ ಮಾಡಬೇಕೆಂಬ ಆಸೆಯಿದೆ. ಆದರೆ ಕ್ಲಿನಿಕಲ್ ಶಾಖೆಯಲ್ಲಿ ಪಿಎಚ್.ಡಿ. ಮಾಡಿದರೆ ಮುಂದೆ ಚಿಕಿತ್ಸೆಯನ್ನೂ ನೀಡಬಹುದೆಂದು ಮನೆಯವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ: ಕ್ಲಿನಿಕಲ್ ಮನಶ್ಶಾಸ್ತ್ರಜ್ಞ, ತುಮಕೂರು

ಮೇಡಂ, ಮನೆಯವರ ಮಾತನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾಗಿ ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಆಧಾರವಾಗುವುದು ಪರಿಷತ್ತು ಮಾನ್ಯ ಮಾಡಿದ ಕೋರ್ಸಿನಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ, ರೋಗಿಗಳೊಡನೆ ಪಡೆದ ತರಬೇತಿಯೇ ಹೊರತು ಮಹಾಪ್ರಬಂಧವಲ್ಲ. ಚಿಕಿತ್ಸೆಯೇ ಗುರಿಯಾಗಿದ್ದರೆ ಆ ತರಬೇತಿಗೆ ಹೋಗಿ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಕೋಲಾರ

ಶಾಖೆಯ ಹೆಸರನ್ನು ಬದಿಗಿಟ್ಟು ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಳ್ಳಿ. ಅದು ಬಹಳ ಒಳ್ಳೆಯ ಪ್ರಶ್ನೆ. ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಹೇಳಿಸುವ ಪರೀಕ್ಷೆಯನ್ನು ನೀವು ಮಾಡಿಸಿರುತ್ತೀರಿ. ಕನ್ನಡದ ‘ಎಂಟು’ ಎರಡೇ ಅಕ್ಷರ, ತೆಲುಗಿನ ‘ಎನಿಮಿದಿ’ ನಾಲ್ಕು. ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುವ ಭಾಷೆಯಲ್ಲಿ ನೆನಪಿನಲ್ಲಿ ಉಳಿಯುವ ಅಂಕಿಗಳು ಕಡಿಮೆಯಾಗುತ್ತವೆಂಬುದನ್ನು 1980ರಲ್ಲಿಯೇ ಎಲ್ಲಿಸ್ ಮತ್ತು ಹೆನೆಲಿ ಎಂಬ ಸಂಶೋಧಕರು ವೆಲ್ಷ್-ಇಂಗ್ಲಿಷ್ ದ್ವಿಭಾಷಿಕರಲ್ಲಿ ತೋರಿಸಿದರು. ಹಾಗಿರುವಾಗ, ಮನದೊಳಗೆ ತೆಲುಗಿನಲ್ಲಿ ಎಣಿಸಿಕೊಂಡು ಕನ್ನಡದಲ್ಲಿ ಉತ್ತರಿಸುವ ಮಗುವಿನ ಕಡಿಮೆ ಅಂಕ ಅದರ ಸ್ಮರಣಶಕ್ತಿಯನ್ನು ಎಷ್ಟರಮಟ್ಟಿಗೆ ಅಳೆಯುತ್ತದೆ, ಭಾಷೆಯ ಹೊರೆಯನ್ನು ಎಷ್ಟರಮಟ್ಟಿಗೆ ಅಳೆಯುತ್ತದೆ? ಈ ಪ್ರಶ್ನೆ ನೆನಪು, ಆಲೋಚನೆಗಳನ್ನು ಅಭ್ಯಸಿಸುವ ಸಂಜ್ಞಾನಾತ್ಮಕ ಮನಶ್ಶಾಸ್ತ್ರಕ್ಕೂ ಮಾನಸಿಕ ಸಾಮರ್ಥ್ಯಗಳನ್ನು ಪರೀಕ್ಷೆಗಳಿಂದ ಅಳೆಯುವ ಮನೋಮಾಪನಕ್ಕೂ ಸೇರಿದ್ದು. ವಿ. ವಿ. ಕಾಮತರು ಧಾರವಾಡದಲ್ಲಿ ಬುದ್ಧಿಶಕ್ತಿಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ನಮ್ಮ ಗಡಿಭಾಗದ ಮಕ್ಕಳಿಗೂ ಅಂತಹ ಶ್ರದ್ಧೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮರುಪ್ರಶ್ನೆ: ಶಾಲಾ ಆಪ್ತಸಮಾಲೋಚಕಿ

ಸರ್, ಆ ಪರೀಕ್ಷೆಯಲ್ಲಿ ತುಟಿ ಅಲುಗಾಡಿಸುತ್ತಾ ತೆಲುಗಿನಲ್ಲಿ ಎಣಿಸಿಕೊಳ್ಳುವ ಮಕ್ಕಳನ್ನು ನಾನು ಕಂಡಿದ್ದೇನೆ. ಕೆಲಸ ಬಿಡದೆ ಇದನ್ನು ಮಾಡಲು ಸಾಧ್ಯವೇ?

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಸಾಧ್ಯವಿದೆ ಅಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳು ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ನೀಡುತ್ತವೆ; ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಮಹಿಳೆಯರಿಗೆ ಇನ್ನೂ 2 ವರ್ಷಗಳ ವಿನಾಯಿತಿ ಸಿಗಬಹುದು. ಅರ್ಜಿ ಹಾಕುವ ಮುನ್ನ ಮನೋಮಾಪನದಲ್ಲಿ ನಿಜವಾಗಿಯೂ ಕೆಲಸ ಮಾಡಿರುವ ಮಾರ್ಗದರ್ಶಕರನ್ನು ಹುಡುಕಿ, ಅವರ ಬಳಿ ಸೀಟು ಖಾಲಿಯಿದೆಯೇ ಎಂದು ವಿಚಾರಿಸಿ.