ಅಪ್‌ಡೇಟ್: ಅಜ್ಜಿಯ ಡಬ್ಬಿಯ ಬೆಳ್ಳಿ ರೂಪಾಯಿ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? 1918ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ಮೂಗಿನಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ, ಹಿಂಬದಿಯಲ್ಲಿ ಕೆಳಗೆ ಒಂದು ಚುಕ್ಕಿ. ಇದು ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ, ಬೆಲೆಬಾಳುವ ನಾಣ್ಯವಾ ಅಂತ.

ನೀವು ಹೇಳಿದ ಹಾಗೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ದೀಪವನ್ನು ಓರೆಯಾಗಿ ಇಟ್ಟು ನೋಡಿದೆ. ಗೆರೆ ಉಬ್ಬಿದೆ. ಗೀರಾಗಿದ್ದರೆ ಒಳಗೆ ಇಳಿದಿರುತ್ತಿತ್ತು. ಅಂದರೆ ಅಚ್ಚಿನಲ್ಲಿ ಬಿರುಕು ಬಿಟ್ಟು, ಒತ್ತುವಾಗ ಬೆಳ್ಳಿ ಆ ಬಿರುಕಿನೊಳಗೆ ನುಗ್ಗಿದೆ. ಟಂಕಸಾಲೆಯಲ್ಲೇ ಆದದ್ದು ನಿಜ, ಆದರೆ ಸಣ್ಣ ಬಿರುಕು ತೀರಾ ಮಾಮೂಲಿ. ಅಚ್ಚಿನ ಅಂಚಿನ ಚೂರೇ ಒಡೆದುಹೋಗಿ ನಾಣ್ಯದ ಮೇಲೆ ಲೋಹದ ಗಡ್ಡೆ ಬಂದಿದ್ದರೆ ಮಾತು ಬೇರೆ. ಇನ್ನು ಚುಕ್ಕಿ? ಅದು ಬಾಂಬೆ ಟಂಕಸಾಲೆಯ ಗುರುತು! ನಾನು ಸುಮ್ನೆ ಮನಸ್ಸಲ್ಲೇ ಸ್ಕೂಟರ್ ಕೊಂಡುಬಿಟ್ಟಿದ್ದೆ.

ಹಳೇ ನಾಣ್ಯದ ಅಂಗಡಿಯವರು ಬೆಳ್ಳಿ ರೇಟಿಗಿಂತ ಸ್ವಲ್ಪವೇ ಜಾಸ್ತಿ ಹೇಳಿದರು. ಭಾವ ಹುಣಸೆಹಣ್ಣು ಹಾಕಿ ತಿಕ್ಕಿದ್ದು ಅವರಿಗೆ ತಕ್ಷಣ ಗೊತ್ತಾಯಿತು. ದಯವಿಟ್ಟು ಯಾರೂ ತಿಕ್ಕಬೇಡಿ.

ಮಜಾ ಏನೆಂದರೆ, ಸವೆದದ್ದು ಅಂತ ಪಕ್ಕಕ್ಕಿಟ್ಟಿದ್ದ ಕಾಲಾಣೆಯನ್ನೇ ಅವರು ಕೈಗೆತ್ತಿಕೊಂಡರು. ಒಂದು ಕಡೆ ಚಂದ್ರನ ಚೂರಿನಷ್ಟು ಜಾಗ ಖಾಲಿ. ತಿರುಗಿಸಿದರೆ ಅದೇ ಅಂಚಿನಲ್ಲಿ ಇನ್ನೊಂದು ಮುಖವೂ ಖಾಲಿ, ಉಳಿದ ಅಕ್ಷರ ಚೂಪಾಗಿವೆ. ಅಂದರೆ ಸವೆದದ್ದಲ್ಲ, ನಾಣ್ಯವಾಗಬೇಕಿದ್ದ ಲೋಹದ ಬಿಲ್ಲೆ ಅಚ್ಚಿನ ನಡುವೆ ಕೂರದೆ ಸರಿದು ಒತ್ತಿಸಿಕೊಂಡಿದೆ. ರೂಪಾಯಿಗಿಂತ ಅದಕ್ಕೇ ಜಾಸ್ತಿ ಕೊಡುತ್ತೇನೆ ಅಂದರು. ಕೊಡಲಿಲ್ಲ, ಮತ್ತೆ ಡಬ್ಬಿಗೆ ಹಾಕಿದೆ.