ಪದಚರ್ಚೆ: ‘ಡ್ರಾಫ್ಟಿಗೆ ಹೆಸರು ಕೊಟ್ಟ’ ಅಂದರೆ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕನ್ನಡ ಕೂಟವೊಂದರ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ಅಲ್ಲಿನ ಕಾಲೇಜು ಫುಟ್‌ಬಾಲ್. ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಹುಡುಗರಿಗೆ ಪ್ರತಿ ಡಿಸೆಂಬರ್-ಜನವರಿಯಲ್ಲಿ ಬರುವ ತಲೆನೋವು: ಇನ್ನೊಂದು ವರ್ಷ ಕಾಲೇಜಿಗೇ ಆಡುವುದೋ, ಈಗಲೇ ಎನ್‌ಎಫ್‌ಎಲ್‌ಗೆ (ಅಲ್ಲಿನ ವೃತ್ತಿ ಆಟಗಾರರ ಲೀಗ್) ಹೋಗುವುದೋ. ಓದುವವರಲ್ಲಿ ಹೆಚ್ಚಿನವರು ಊರಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ-ಅಮ್ಮಂದಿರು. ಶನಿವಾರ ಬಂದರೆ ಮೊಮ್ಮಕ್ಕಳು ಟಿವಿ ಮುಂದೆ ಕೂತು ಯಾಕೆ ಕಿರುಚುತ್ತಾರೆ ಅಂತ ಅವರಿಗೆ ತಿಳಿದರೆ ಸಾಕು.

ಕ್ವಾರ್ಟರ್‌ಬ್ಯಾಕ್ ಅನ್ನುವ ಹೆಸರನ್ನು ಹಾಗೇ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಕ್ವಾರ್ಟರ್ ಅಂದರೆ ಬೇರೇನೋ ನೆನಪಾಗುತ್ತದೆ, ಇರಲಿ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಇವನ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಎತ್ತಿಕೊಂಡು ಓಡಬೇಕೋ ಎಂದು ಎರಡು-ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಗೆದ್ದರೂ ಸೋತರೂ ಮೊದಲು ಬರುವುದು ಇವನ ಹೆಸರೇ. ಇಷ್ಟನ್ನು ಕನ್ನಡದಲ್ಲಿ ಹೇಳಲು ಕಷ್ಟವಿಲ್ಲ. ನಾನು ಸಿಕ್ಕಿಕೊಂಡಿರುವುದು ‘ಲೀವಿಂಗ್ ಅರ್ಲಿ’, ‘ಡಿಕ್ಲೇರಿಂಗ್ ಫಾರ್ ದ ಡ್ರಾಫ್ಟ್’ ಅನ್ನುವ ಎರಡು ಮಾತುಗಳಲ್ಲಿ. ಮೊದಲನೆಯದು ಕಾಲೇಜು ತಂಡಕ್ಕೆ ಆಡುವ ವರ್ಷಗಳು ಮುಗಿಯುವ ಮುಂಚೆಯೇ ಹೊರಡುವುದು. ಎರಡನೆಯದು ಡ್ರಾಫ್ಟಿಗೆ, ಅಂದರೆ ಎನ್‌ಎಫ್‌ಎಲ್ ತಂಡಗಳು ಒಂದರ ನಂತರ ಒಂದು ಹೊಸ ಹುಡುಗರನ್ನು ಆರಿಸಿಕೊಳ್ಳುವ ಆಯ್ಕೆಗೆ, ನಾನೂ ಬರುತ್ತೇನೆ ಎನ್ನುವುದು.

‘ಬೇಗ ಹೋದ’ ಅಂತ ಬರೆಯೋಣ ಅಂದರೆ, ನಾವು ಹಾಗೆ ಯಾರ ಬಗ್ಗೆ ಹೇಳುತ್ತೇವೆ? ‘ಪಾಪ, ಇನ್ನೂ ಚಿಕ್ಕ ವಯಸ್ಸು, ಬೇಗ ಹೋಗ್ಬಿಟ್ಟ.’ ಇಪ್ಪತ್ತೊಂದರ ಹುಡುಗನ ಫೋಟೊ ಹಾಕಿ ಕೆಳಗೆ ‘ಬೇಗ ಹೋದವರು’ ಅಂತ ಅಚ್ಚು ಹಾಕಿದರೆ ನಮ್ಮ ಓದುಗರು ಸುಮ್ನೆ ಕೈಮುಗಿದು ಪುಟ ತಿರುಗಿಸುತ್ತಾರೆ.

‘ಕಾಲೇಜು ಬಿಟ್ಟ’ ಎಂದರೆ ಇನ್ನೊಂದು ಪಜೀತಿ. ಓದು ತಲೆಗೆ ಹತ್ತಲಿಲ್ಲ, ಇಲ್ಲವೇ ಮನೆಯಲ್ಲಿ ಕಷ್ಟ ಇತ್ತು, ಅರ್ಧಕ್ಕೆ ನಿಲ್ಲಿಸಿದ ಅನ್ನುವ ಅರ್ಥ ತಾನಾಗಿ ಬಂದುಬಿಡುತ್ತದೆ. ಆದರೆ ಅಲ್ಲಿ ‘ಅರ್ಲಿ’ ಅನ್ನುವುದು ಆಟದ ವರ್ಷಗಳ ಲೆಕ್ಕ. ಓದಿಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಬಹಳ ಕಾಲದಿಂದ ನಡೆದು ಬಂದ ನಿಯಮದ ಪ್ರಕಾರ ಒಬ್ಬ ಹುಡುಗ ಕಾಲೇಜು ತಂಡಕ್ಕೆ ನಾಲ್ಕು ಸೀಸನ್ ಆಡಬಹುದು, ಅದನ್ನು ಐದು ವರ್ಷದೊಳಗೆ ಮುಗಿಸಬೇಕು. ಎನ್‌ಎಫ್‌ಎಲ್ ಕೇಳುವುದು ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಬೇಕು ಎಂದಷ್ಟೇ (ಅಲ್ಲಿನ ಹೈಸ್ಕೂಲ್ ಅಂದರೆ ನಮ್ಮ ಪಿಯುಸಿವರೆಗೆ). ಈ ಮೂರಕ್ಕೂ ಆ ನಾಲ್ಕಕ್ಕೂ ನಡುವೆ ಇರುವ ಸಂದಿಯಲ್ಲೇ ಇಡೀ ಗೊಂದಲ ಹುಟ್ಟುವುದು.

ಟೆನೆಸಿ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರನ್ನೇ ನೋಡಿ. ಮೂರೇ ವರ್ಷಕ್ಕೆ ಡಿಗ್ರಿ ಮುಗಿಸಿದ್ದರು. 1997ರಲ್ಲಿ ಹೊರಟಿದ್ದರೆ ಅದು ‘ಅರ್ಲಿ’ಯೇ ಆಗುತ್ತಿತ್ತು, ಆದರೆ ಓದು ಬಿಟ್ಟಂತೆ ಆಗುತ್ತಿರಲಿಲ್ಲ. ಆ ವರ್ಷದ ಡ್ರಾಫ್ಟಿನ ಮೊದಲ ಆಯ್ಕೆ ನ್ಯೂಯಾರ್ಕ್ ಜೆಟ್ಸ್ ತಂಡದ ಕೈಯಲ್ಲಿತ್ತು, ಎಲ್ಲರೂ ಇವರು ಹೊರಡುತ್ತಾರೆ ಅಂತಲೇ ಅಂದುಕೊಂಡಿದ್ದರು. ಮಾರ್ಚ್‌ನಲ್ಲಿ ಮ್ಯಾನಿಂಗ್ ‘ಇಲ್ಲ, ಇನ್ನೊಂದು ವರ್ಷ ಇಲ್ಲೇ’ ಎಂದರು. ಮರುವರ್ಷ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡಕ್ಕೆ ಮೊದಲ ಆಯ್ಕೆಯಾಗಿಯೇ ಹೋದರು. ಆ ವರ್ಷ ಎರಡನೆಯವರಾಗಿ ಸ್ಯಾನ್ ಡಿಯೇಗೊ ಚಾರ್ಜರ್ಸ್ ಸೇರಿದ ವಾಷಿಂಗ್ಟನ್ ಸ್ಟೇಟ್‌ನ ರಯನ್ ಲೀಫ್ ಒಂದು ವರ್ಷ ಬಾಕಿ ಇರುವಾಗಲೇ ಹೊರಟವರು. 2002ರ ಹೊತ್ತಿಗೆ ಅವರ ಆಟವೇ ಮುಗಿದಿತ್ತು. ಇದನ್ನೇ ಹಿಡಿದು ‘ನೋಡಿ, ಕಾದವನೇ ಜಾಣ’ ಅನ್ನುವವರು ಈಗಲೂ ಇದ್ದಾರೆ. ನನಗಂತೂ ಆ ವಾದ ಹಿಡಿಸುವುದಿಲ್ಲ. ಲೀಫ್ ಇನ್ನೊಂದು ವರ್ಷ ಕಾದಿದ್ದರೆ ಏನಾಗುತ್ತಿತ್ತು ಅಂತ ಹೇಳಲು ಯಾರಿಗೂ ಸಾಧ್ಯವಿಲ್ಲ.

ಇನ್ನು ಎದುರಿನ ಮಾತು, ‘ಸ್ಟೇ’. ‘ಮತ್ತೊಂದು ವರ್ಷ ಕಾಲೇಜಿನಲ್ಲೇ ಉಳಿದ’ ಅಂದರೆ ನಮ್ಮ ಕಿವಿಗೆ ಹೇಗೆ ಕೇಳುತ್ತದೆ? ಫೇಲಾದ, ಅಲ್ವಾ? ‘ಅವನು ಅದೇ ಕ್ಲಾಸಲ್ಲಿ ಉಳಿದ’ ಎಂದು ಮೇಷ್ಟ್ರು ಹೇಳುವ ಧಾಟಿ. ಅಂದರೆ ಹೋದವನು ಸತ್ತ, ಉಳಿದವನು ಫೇಲು! ಸ್ಟ್ಯಾನ್‌ಫರ್ಡ್‌ನ ಆಂಡ್ರೂ ಲಕ್ 2011ರ ಜನವರಿಯಲ್ಲಿ ಉಳಿದದ್ದು ವಾಸ್ತುವಿನ್ಯಾಸದ ಡಿಗ್ರಿ ಮುಗಿಸಲು. ಹೊರಟಿದ್ದರೆ ಮೊದಲ ಆಯ್ಕೆ ಅವರೇ ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಆ ಜಾಗಕ್ಕೆ ಆಬರ್ನ್‌ನ ಕ್ಯಾಮ್ ನ್ಯೂಟನ್ ಹೋದರು. ಲಕ್ 2012ರಲ್ಲಿ ಮೊದಲಿಗರಾಗಿ ಕೋಲ್ಟ್ಸ್ ಸೇರಿದರು. ಅಂಥವರ ಬಗ್ಗೆ ‘ಉಳಿದರು’ ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ. ‘ನಿಂತರು’ ಸ್ವಲ್ಪ ವಾಸಿ. ಆದರೆ ‘ನಿಂತ’ ಅಂದರೆ ಚುನಾವಣೆಗೆ ನಿಂತ ಅಂತಲೂ ಆಗುತ್ತದೆ, ಆಟ ನಿಲ್ಲಿಸಿದ ಅಂತಲೂ ಆಗುತ್ತದೆ. ಸದ್ಯಕ್ಕೆ ‘ಇನ್ನೊಂದು ವರ್ಷ ಕಾಲೇಜಿಗೇ ಆಡಿದರು’ ಎಂದು ಉದ್ದಕ್ಕೆ ಬರೆದಿದ್ದೇನೆ.

ಹಾಗೆ ಇನ್ನೊಂದು ವರ್ಷ ಆಡಿ ನಷ್ಟ ಮಾಡಿಕೊಂಡವರೂ ಕಮ್ಮಿಯಿಲ್ಲ. ಯುಎಸ್‌ಸಿಯ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮ್ಯಾಟ್ ಲೈನಾರ್ಟ್ 2004ರಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು. ಆಗಲೇ ಹೊರಟಿದ್ದರೆ ಮೊದಲನೆಯವರಾಗುತ್ತಿದ್ದರು ಎಂಬುದು ಆಗಿನ ಮಾತು. ಹೊರಡಲಿಲ್ಲ. ಕೊನೆಯ ಸೀಸನ್‌ನಲ್ಲಿ ಅವರಿಗೆ ಉಳಿದಿದ್ದದ್ದು ಒಂದೇ ಒಂದು ಕ್ಲಾಸು: ಬಾಲ್‌ರೂಮ್ ಡಾನ್ಸ್. 2006ರ ಜನವರಿಯಲ್ಲಿ ರೋಸ್ ಬೌಲ್ ಎಂಬ ದೊಡ್ಡ ಪಂದ್ಯದಲ್ಲಿ ಟೆಕ್ಸಸ್ ಎದುರು 41-38ರಲ್ಲಿ ಸೋತು, ಏಪ್ರಿಲ್‌ನಲ್ಲಿ ಹತ್ತನೆಯವರಾಗಿ ಆಯ್ಕೆಯಾದರು. ಅದೇ ಕಾಲೇಜಿನ ಮ್ಯಾಟ್ ಬಾರ್ಕ್ಲಿ ಕಥೆ ಇನ್ನೂ ಬೇಜಾರಿನದು. 2011ರ ಡಿಸೆಂಬರ್‌ನಲ್ಲಿ, ಹೊರಡುವುದಿಲ್ಲ ಎಂದು ಊರಿಗೆಲ್ಲ ಹೇಳಿ ನಿಂತರು. ತಂಡ ಸೀಸನ್ ಶುರುವಾಗುವ ಮುಂಚೆ ದೇಶಕ್ಕೇ ನಂಬರ್ ಒನ್. ಮುಗಿಯುವಾಗ ಏಳು ಗೆಲುವು, ಆರು ಸೋಲು. ನವೆಂಬರ್‌ನಲ್ಲಿ ಭುಜಕ್ಕೆ ಪೆಟ್ಟು. 2013ರಲ್ಲಿ ಅವರ ಹೆಸರು ಕೂಗಿದ್ದು ನಾಲ್ಕನೇ ಸುತ್ತಿನಲ್ಲಿ, 98ನೆಯವರಾಗಿ.

‘ಅವಧಿಗೆ ಮುನ್ನ’, ‘ಅವಧಿಪೂರ್ವ’ ಬಳಸಿ ಎಂದು ಒಬ್ಬ ಗೆಳೆಯರು ಹೇಳಿದರು. ಅವಧಿಪೂರ್ವ ಚುನಾವಣೆ, ಅವಧಿಪೂರ್ವ ಹೆರಿಗೆ. ಬೇಡ ಬಿಡಿ.

‘ಪ್ರೊ’ಗೆ ‘ವೃತ್ತಿಪರ’ ಎಂದು ಪತ್ರಿಕೆಗಳು ಬರೆಯುತ್ತವೆ. ನಮ್ಮಲ್ಲಿ ವೃತ್ತಿಪರ ಅಂದ ತಕ್ಷಣ ಸಿಇಟಿ, ಸೀಟು, ಕೌನ್ಸೆಲಿಂಗ್ ನೆನಪಾಗುತ್ತದೆ. ‘ಹುಡುಗ ಕಾಲೇಜಿಂದ ವೃತ್ತಿಪರಕ್ಕೆ ಹೋದ’ ಅಂದರೆ ಎಂಜಿನಿಯರಿಂಗ್ ಸಿಕ್ಕಿತು ಅಂದುಕೊಳ್ಳುತ್ತಾರೆ. ಇದಕ್ಕೆ ಬದಲು ನಾಟಕದವರ ಮಾತು ನನಗೆ ಇಷ್ಟವಾಯಿತು: ಹವ್ಯಾಸಿ ರಂಗಭೂಮಿ, ವೃತ್ತಿ ರಂಗಭೂಮಿ. ಹಾಗೆಯೇ ‘ವೃತ್ತಿ ಫುಟ್‌ಬಾಲ್’ ಎನ್ನಬಹುದು. ಹಿರಿಯರಿಗೆ ಕೂಡಲೇ ಹತ್ತುತ್ತದೆ.

ಆದರೆ ಜೊತೆಗೆ ‘ಹವ್ಯಾಸಿ’ಯನ್ನೂ ಎಳೆದು ತರುವಂತಿಲ್ಲ. 2021ರ ಜುಲೈವರೆಗೆ ಸರಿಯಾಗಿಯೇ ಇತ್ತು. ಅಲ್ಲಿಯವರೆಗೆ ಕಾಲೇಜು ಆಟಗಾರರಿಗೆ ಸ್ಕಾಲರ್‌ಶಿಪ್, ಊಟ, ವಸತಿ ಇಂಥವು ಬಿಟ್ಟರೆ ಬೇರೆ ಸಂಪಾದನೆಗೆ ದಾರಿ ಇರಲಿಲ್ಲ. ಆಮೇಲೆ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಲು ಬಿಟ್ಟರು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ನಂತರ ಕಾಲೇಜುಗಳೇ ನೇರವಾಗಿ ದುಡ್ಡು ಕೊಡುತ್ತಿವೆ. ಮೊದಲ ವರ್ಷಕ್ಕೆ ಒಂದು ಕಾಲೇಜು ಎಲ್ಲ ಆಟಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಹೀಗಾಗಿ ‘ದುಡ್ಡಿಗೆ ಆಡಲು ಹೋದ’ ಎಂಬ ನನ್ನ ಮೊದಲ ಕರಡಿನ ವಾಕ್ಯ ಈಗ ನಿಲ್ಲುವುದಿಲ್ಲ. ಇಲ್ಲೂ ದುಡ್ಡು, ಅಲ್ಲೂ ದುಡ್ಡು. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾಗಬಹುದಾದ ಹುಡುಗನಿಗೆ ಕಾಲೇಜಿನಲ್ಲೇ ಜಾಸ್ತಿ ಸಿಗುವ ಸಂದರ್ಭವೂ ಉಂಟು.

ಮೇಲಿನ ಸುತ್ತಿನ ಲೆಕ್ಕವೂ ಬದಲಾಗಿದೆ. ಓಕ್ಲಹೋಮಾದ ಸ್ಯಾಮ್ ಬ್ರ್ಯಾಡ್‌ಫರ್ಡ್ 2009ರ ಸೀಸನ್‌ಗೆ ಹಿಂತಿರುಗಿ, ಮೊದಲ ಪಂದ್ಯದಲ್ಲೇ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಆದರೂ 2010ರಲ್ಲಿ ಮೊದಲ ಆಯ್ಕೆಯಾದರು, ಖಾತ್ರಿ ಹಣವೇ 5 ಕೋಟಿ ಡಾಲರ್. ಮರುವರ್ಷ ಹೊಸಬರ ಸಂಬಳಕ್ಕೆ ಮಿತಿ ಬಂತು. ಅದೇ ಮೊದಲ ಜಾಗದಲ್ಲಿ ಬಂದ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಈಗ ನಿಜವಾದ ದೊಡ್ಡ ಗಂಟು ಬರುವುದು ಎರಡನೇ ಒಪ್ಪಂದದಲ್ಲಿ. ಅದಕ್ಕೇ ಒಂದು ವರ್ಷ ಮೊದಲು ಹೊರಟರೆ ಆ ಗಂಟೂ ಒಂದು ವರ್ಷ ಮೊದಲು ಎಂದು ಏಜೆಂಟರು ಹುಡುಗರ ತಲೆ ತುಂಬುವುದು.

ಸರಿ, ‘ಡ್ರಾಫ್ಟ್’. ಅಪ್ಪ-ಅಮ್ಮಂದಿರ ಪೀಳಿಗೆಗೆ ಡ್ರಾಫ್ಟ್ ಅಂದರೆ ಬ್ಯಾಂಕಿನ ಡಿಡಿ. ‘ಹರಾಜು’ ಎಂದರೆ ಐಪಿಎಲ್ ಕಣ್ಣ ಮುಂದೆ ಬರುತ್ತದೆ, ಬೇಗ ಅರ್ಥವಾಗುತ್ತದೆ, ಆದರೆ ಪೂರ್ತಿ ತಪ್ಪು. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಇಬ್ಬರು ಕ್ಯಾಪ್ಟನ್‌ಗಳು ಪಾಳಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುತ್ತಾರಲ್ಲ, ಹಾಗೆ 32 ತಂಡಗಳು, ಏಳು ಸುತ್ತು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಪಾಳಿ, ಅವರು ಅದನ್ನು ಬೇರೆ ತಂಡಕ್ಕೆ ಬಿಟ್ಟುಕೊಡದಿದ್ದರೆ. ಯಾವ ತಂಡಕ್ಕೆ ಹೋಗಬೇಕು ಎಂದು ಹುಡುಗ ಹೇಳುವಂತಿಲ್ಲ. ‘ಪಾಳಿ ಆಯ್ಕೆ’ ಅಂತ ಒಂದು ಸಲ ವಿವರಿಸಿ, ಮುಂದೆ ಡ್ರಾಫ್ಟ್ ಎಂದೇ ಬರೆಯುವ ಯೋಚನೆ ಇದೆ.

ಈಗ ‘ಡಿಕ್ಲೇರ್’. ‘ಘೋಷಿಸಿದ’ ಅಂದರೆ ಏನನ್ನು ಅಂತ ಪ್ರಶ್ನೆ ಬರುತ್ತದೆ. ಅದೂ ಅಲ್ಲದೆ ಘೋಷಣೆ ಮಾಡುವುದು ಸರ್ಕಾರ, ಇಲ್ಲವೇ ಮೆರವಣಿಗೆಯವರು. ನಿಜಕ್ಕೂ ನಡೆಯುವುದು ಇಷ್ಟು: ನಾಲ್ಕನೇ ವರ್ಷ ಆಡಿ ಮುಗಿಸಿದವನು ಏನೂ ಹೇಳಬೇಕಿಲ್ಲ, ತಾನಾಗಿಯೇ ಪಟ್ಟಿಯಲ್ಲಿರುತ್ತಾನೆ. ವರ್ಷ ಬಾಕಿ ಇರುವವನು ಮಾತ್ರ ಜನವರಿ ಮಧ್ಯದೊಳಗೆ, ನನ್ನನ್ನೂ ಪರಿಗಣಿಸಿ ಎಂದು ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಎನ್‌ಎಫ್‌ಎಲ್‌ನ ಸಲಹಾ ಸಮಿತಿಯನ್ನು ಕೇಳಿಕೊಳ್ಳಬಹುದು. ಅವರ ಉತ್ತರ ಮೂರೇ ಬಗೆ: ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಕಾಲೇಜಿನಲ್ಲೇ ಇರು. ಮೂರನೇ ಉತ್ತರ ಬಂದರೂ ಹೊರಡುವವರು ಹೊರಡುತ್ತಾರೆ.

ಇದಕ್ಕೆ ನಮ್ಮಲ್ಲಿ ಮಾತು ಆಗಲೇ ಇದೆ: ‘ಹೆಸರು ಕೊಡು’. ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಹೆಸರು ಕೊಡುತ್ತೇವೆ, ಪ್ರವಾಸಕ್ಕೆ ಹೆಸರು ಕೊಡುತ್ತೇವೆ. ‘ಒಂದು ವರ್ಷ ಬಾಕಿ ಇರುವಾಗಲೇ ಡ್ರಾಫ್ಟಿಗೆ ಹೆಸರು ಕೊಟ್ಟ.’ ಸಾವಿನ ವಾಸನೆ ಇಲ್ಲ, ಫೇಲಿನ ವಾಸನೆ ಇಲ್ಲ, ಓದು ನಿಂತಿತೋ ಇಲ್ಲವೋ ಅದರ ಗೊಡವೆಯೂ ಇಲ್ಲ. ಕೊಟ್ಟವನು ವಾಪಸ್ ತೆಗೆದುಕೊಳ್ಳಲೂಬಹುದು. ಜಾರ್ಜಿಯಾದ ಕಾರ್ಸನ್ ಬೆಕ್ 2024ರ ಡಿಸೆಂಬರ್‌ನಲ್ಲಿ ಡ್ರಾಫ್ಟಿಗೆ ಹೋಗುತ್ತೇನೆ ಎಂದು, ಮರುತಿಂಗಳೇ ಮನಸ್ಸು ಬದಲಿಸಿ ಮಯಾಮಿ ವಿಶ್ವವಿದ್ಯಾಲಯ ಸೇರಿದರು. ‘ಕೊಟ್ಟ ಹೆಸರು ವಾಪಸ್ ತಗೊಂಡರು’ ಎಂದರೆ ಯಾರಿಗೂ ತಿಳಿಯುತ್ತದೆ. (ಕಾಲೇಜಿಂದ ಕಾಲೇಜಿಗೆ ಹಾರುವುದಕ್ಕೆ ‘ಪಕ್ಷಾಂತರ’ ಬಳಸುವ ಆಸೆ ಇದೆ. ಸಂಪಾದಕರು ಬಿಡುವುದಿಲ್ಲ.) 1990ರಲ್ಲಿ ಮೂರನೇ ವರ್ಷದವರಿಗೂ ಬಾಗಿಲು ತೆರೆದಾಗ ಇಲಿನಾಯ್‌ನ ಜೆಫ್ ಜಾರ್ಜ್ ಹೆಸರು ಕೊಟ್ಟು ಮೊದಲನೆಯವರಾಗಿ ಆಯ್ಕೆಯಾದರು. 2025ರಲ್ಲಿ ಟೆಕ್ಸಸ್‌ನ ಕ್ವಿನ್ ಯೂವರ್ಸ್ ಹೆಸರು ಕೊಟ್ಟು ಏಳನೇ ಸುತ್ತಿನವರೆಗೆ ಕಾದು 231ನೆಯವರಾದರು. ಎರಡೂ ವಾಕ್ಯ ಕನ್ನಡದಲ್ಲಿ ಸಲೀಸಾಗಿ ಕೂತವು.

ಕರಾವಳಿಯವರು, ಉತ್ತರ ಕರ್ನಾಟಕದವರು ಹೇಳಬೇಕು: ನಿಮ್ಮ ಕಡೆಯೂ ‘ಹೆಸರು ಕೊಡು’ ಇದೇ ಅರ್ಥದಲ್ಲಿ ನಡೆಯುತ್ತದೆಯೇ, ಅಥವಾ ‘ಹೆಸರು ಹಚ್ಚು’, ‘ಹೆಸರು ಬರೆಸು’ ಎನ್ನುತ್ತೀರಾ?

ಇನ್ನೂ ಬಗೆಹರಿಯದ್ದು ‘ಎಲಿಜಿಬಿಲಿಟಿ’. ಅರ್ಹತೆ ಎಂದರೆ ಇದೆ ಅಥವಾ ಇಲ್ಲ, ಅಷ್ಟೇ. ಅಲ್ಲಿಯವರು ಅದನ್ನು ಎಣಿಸುತ್ತಾರೆ: ಒಂದು ವರ್ಷದ್ದು ಉಳಿದಿದೆ, ಎರಡು ವರ್ಷದ್ದು ಖರ್ಚಾಯಿತು. ‘ಒಂದು ವರ್ಷದ ಅರ್ಹತೆ’ ಎಂದರೆ ನನಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ನಮ್ಮ ಸರ್ಕಾರಿ ನೌಕರರು ‘ಇನ್ನೂ ಎರಡು ವರ್ಷ ಸರ್ವಿಸ್ ಇದೆ’ ಅನ್ನುತ್ತಾರಲ್ಲ, ಅರ್ಥ ಹೆಚ್ಚುಕಡಿಮೆ ಅದೇ. ಆದರೆ ಇಪ್ಪತ್ತೊಂದರ ಹುಡುಗನಿಗೆ ಸರ್ವಿಸ್ ಬಾಕಿ ಇದೆ ಅಂತ ಬರೆದರೆ ಪಿಂಚಣಿಯ ನೆನಪು ಬರುವುದಿಲ್ಲವೇ? ‘ಆಡುವ ಬಾಕಿ’, ‘ಆಟದ ವಾಯಿದೆ’ ಎರಡನ್ನೂ ಬರೆದು ನೋಡಿದ್ದೇನೆ. ‘ವಾಯಿದೆ’ಗೆ ಸಾಲದ ಛಾಯೆ ಇದೆ, ‘ಬಾಕಿ’ಗೆ ಇನ್ನೂ ಜಾಸ್ತಿ. ಇವೆರಡರಲ್ಲಿ ಯಾವುದಾಗಬಹುದು, ಅಥವಾ ನಿಮ್ಮ ಕಡೆ ಬೇರೆ ಮಾತು ಇದೆಯೇ? ತಿಂಗಳ ಕೊನೆಯೊಳಗೆ ಲೇಖನ ಕೊಡಬೇಕು.